ಉತ್ತರದ ಬೋಗುಣಿ: ನಾಲಿಗೆಗೆ ತಾಕಿದ ಕಲ್ಲು

“ಅದನ್ನ ಬಿಚ್ಚಿ ನೋಡೋದೇನಿದೆ ಇನ್‌ಸ್ಪೆಕ್ಟರಮ್ಮ, ಖಾಲಿ ಡಬ್ಬಿ ಅದು,” ಅಂದ ಗುಂಡಣ್ಣ.

ಅಷ್ಟರಲ್ಲಿ ಅವಳು ಬಿಚ್ಚಿಯಾಗಿತ್ತು. ಅಣ್ಣನ ಕಚೇರಿಯ ಉಗ್ರಾಣದಿಂದ ಅವನ ಸಾಮಾನು ಒಯ್ಯಲು ಬಂದಿದ್ದಳು; ಇದು ಅವನ ಊಟದ ಡಬ್ಬಿ. ಯಾರೋ ತೊಳೆದು, ಒರೆಸಿ, ಬಟ್ಟಲ ಮೇಲೆ ಬಟ್ಟಲು ಕೂರಿಸಿ, ಕೊಂಡಿ ಹಾಕಿಟ್ಟಿದ್ದರು. ಮೂಗಿನ ಹತ್ತಿರ ಹಿಡಿದಳು. ವಾಸನೆ ಬರಲಿಲ್ಲ. ಇದ್ದಿದ್ದರೂ ತನಗೆ ಗೊತ್ತಾಗುತ್ತಿತ್ತು ಅನ್ನುವ ನಂಬಿಕೆ ಅವಳಿಗಿರಲಿಲ್ಲ. ಅಣ್ಣ ಹೋದಾಗಿನಿಂದ ಕಾಫಿಯೂ ಒಂದೇ, ಬಿಸಿನೀರೂ ಒಂದೇ ಆಗಿತ್ತು.

“ತೊಳೆದಿಟ್ಟಿದ್ದು ಯಾರು?”

“ನಾನೇ. ತಿಂದವನು ತೊಳೀಬೇಕಲ್ಲ.”

ಅವಳ ಕೈ ಬಟ್ಟಲಿನ ಮೇಲೆ ನಿಂತಿತು.

ಭೂವಿಜ್ಞಾನಿ ಅಣ್ಣ ಕಾಲು ಜೋಮು ಹಿಡಿದು, ತಲೆಗೂದಲು ಉದುರಿ, ಆಸ್ಪತ್ರೆ ಸೇರಿ ತೀರಿಕೊಂಡಿದ್ದ. ಕೊಯ್ದು ನೋಡಿದ ವೈದ್ಯರು ವಿಷ ಅಂದಿದ್ದರು. ಇವತ್ತು ಸಂಜೆ ಅತ್ತಿಗೆಯನ್ನು ಕರೆದೊಯ್ಯುತ್ತೇವೆ ಅಂತ ಸಾಹೇಬರು ತಿಳಿಸಿಯಾಗಿತ್ತು.

ಸಾಹೇಬರು ಅಂದರೆ ಅವಳ ಮೇಲಧಿಕಾರಿ. ಕೆಟ್ಟ ಮನುಷ್ಯ ಅಲ್ಲ. ಸತ್ತವನ ತಂಗಿ ಅಂತ ಅವಳನ್ನು ಕೇಸಿನಿಂದ ಹೊರಗಿಟ್ಟರೂ, ಬೆಳಿಗ್ಗೆ ತಾವೇ ಫೋನ್ ಮಾಡಿ ಹೇಳಿದ್ದರು. “ಒಂದೇ ಸಲ ಕೊಟ್ಟ ವಿಷ ಅಲ್ಲಮ್ಮ ಇದು. ಸಾಸಿವೆ ಕಾಳಷ್ಟು, ಸಾಸಿವೆ ಕಾಳಷ್ಟು, ದಿನಾ ಹೋಗಿದೆ. ದಿನಾ ತುತ್ತು ಹಾಕಿದ ಕೈ ಯಾವುದು? ನೀನೂ ಪೊಲೀಸು, ನೀನೇ ಹೇಳು.”

ವಿಷ ಎಲ್ಲಿಯದು ಅನ್ನುವುದೂ ಗೊತ್ತಾಗಿತ್ತು. ಅಣ್ಣನ ಇಲಾಖೆಯ ಲ್ಯಾಬಿನಲ್ಲಿ ‘ಭಾರದ ನೀರು’ ಅಂತ ಒಂದು ಹಳೇ ಸೀಸೆ. ಪುಡಿ ಮಾಡಿದ ಕಲ್ಲನ್ನು ಅದಕ್ಕೆ ಹಾಕಿದರೆ ಹಗುರ ಕಣ ತೇಲುತ್ತದೆ, ಭಾರದ್ದು ಮುಳುಗುತ್ತದೆ. ವಿಷ ಅಂತ ಅದರ ಬಳಕೆ ಎಂದೋ ನಿಂತುಹೋಗಿತ್ತು. ಸೀಸೆ ಮಾತ್ರ ಕಪಾಟಿನ ಮೂಲೆ ಬಿಟ್ಟಿರಲಿಲ್ಲ. ಈಗ ನೋಡಿದರೆ ಅರ್ಧ ಖಾಲಿ. ಮದುವೆಗೆ ಮುಂಚೆ ಆ ಲ್ಯಾಬಿನಲ್ಲಿ ಕೆಲಸಕ್ಕಿದ್ದವರು ಅತ್ತಿಗೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಅಲ್ಲ ಸಾಹೇಬರು. ಅವರ ಲೆಕ್ಕ ಸರಿಯಾಗೇ ಇತ್ತು. ಅದಕ್ಕೇ ಅವಳಿಗೆ ಭಯ ಆಗಬೇಕಿತ್ತು. ಭಯವೂ ಆಗುತ್ತಿರಲಿಲ್ಲ. ಹಲ್ಲು ಕೀಳಿಸುವಾಗ ಒಸಡಿಗೆ ಸೂಜಿ ಚುಚ್ಚುತ್ತಾರಲ್ಲ, ಆ ಥರ ಮೈಯೆಲ್ಲ. ಯಾರೋ ಏನೋ ಎಳೆಯುತ್ತಿದ್ದಾರೆ ಅಂತ ಗೊತ್ತು, ಅಷ್ಟೇ.

“ತಿಂದವನು ಅಂದ್ರೆ?” ಅಂತ ಕೇಳಿದಳು.

ಗುಂಡಣ್ಣ ಕಲ್ಲಿನ ಉಗ್ರಾಣದ ಉಸ್ತುವಾರಿ. ಹೆಸರಿಗೆ ತಕ್ಕ ಮೈ. ನಾಚಿಕೊಂಡು ಕೈ ಒರೆಸಿಕೊಂಡ. “ನಿಮ್ಮತ್ತಿಗೆ ಕೈ ಅಡುಗೆ ಇನ್‌ಸ್ಪೆಕ್ಟರಮ್ಮ. ಸಾರ್‌ಗೆ ಅರ್ಧ, ನಂಗರ್ಧ. ನನ್ನ ಹೆಂಡತಿ ಕಟ್ಟಿಕೊಡೋದನ್ನ ನಾಯಿಗೂ ಹಾಕೋ ಹಾಗಿಲ್ಲ. ನಾಯಿ ಏನು ತಪ್ಪು ಮಾಡಿದೆ ಪಾಪ.”

“ಯಾವತ್ತಾದ್ರೂ ಒಂದಿನವಾ?”

“ದಿನಾ. ಒಂದೇ ಬಟ್ಟಲಲ್ಲಿ ಕೈ ಹಾಕಿದ್ದೂ ಉಂಟು. ಹೇಳಬೇಡಿ ಅವರಿಗೆ, ಬೇಜಾರ್ ಮಾಡ್ಕೋತಾರೆ.”

“ಬೆಳಿಗ್ಗೆ ತಿಂಡಿ?”

“ಅದೂ ಇಲ್ಲೇ. ಸಾರ್ ಮನೇಲಿ ತಿಂತಿರಲಿಲ್ಲವಲ್ಲ, ಮೇಲಿನ ಬಟ್ಟಲು ತಿಂಡೀದು. ನೀರು ಈ ಹೂಜೀದು, ಟೀ ಈ ಫ್ಲಾಸ್ಕಿಂದು. ಎಲ್ಲ ನನಗೂ ಪಾಲು.”

ಅವಳು ಅವನ ತಲೆ ನೋಡಿದಳು. ಎಣ್ಣೆ ಹಚ್ಚಿ ಬಾಚಿದ, ಬಾಚಣಿಗೆ ಮುರಿಯುವಂಥ ಕೂದಲು. ಕಾಲು ನೋಡಿದಳು. ಈಗ ತಾನೇ ಆ ಕಾಲಲ್ಲೇ ಏಣಿ ಹತ್ತಿ, ಮೇಲಿನ ಹಲಗೆಯಿಂದ ಡಬ್ಬಿ ಇಳಿಸಿಕೊಟ್ಟಿದ್ದ.

ರಾತ್ರಿ ಊಟ ಅವಳೂ ಆ ಮನೆಯಲ್ಲೇ ಮಾಡುತ್ತಿದ್ದಳು. ಅಣ್ಣನ ಮನೆಯ ಮೇಲಿನ ಕೋಣೆ ಅವಳದು. ಒಂದೇ ಪಾತ್ರೆಯಿಂದ ಮೂವರಿಗೂ ಬಡಿಸುತ್ತಿದ್ದರು ಅತ್ತಿಗೆ. ಅವಳ ಕೂದಲೂ ನೆಟ್ಟಗಿತ್ತು.

ಅಂದಮೇಲೆ ತುತ್ತಿನಲ್ಲಿ ಬಂದದ್ದಲ್ಲ.

ಖುಷಿ ಆಗಬೇಕಾದ ಹೊತ್ತು. ಅವಳು ಡಬ್ಬಿಯ ಕೊಂಡಿ ಹಾಕಿ, ಸ್ಟೂಲಿನ ಮೇಲೆ ಕೂತಳು.

“ಗುಂಡಣ್ಣ, ನೀವು ಬಾಯಿಗೆ ಹಾಕ್ಕೊಳ್ಳದೆ ಅಣ್ಣ ಒಬ್ಬನೇ ಹಾಕ್ಕೋತಿದ್ದದ್ದು ಏನಾದ್ರೂ ಇತ್ತಾ ಇಲ್ಲಿ? ಮಾತ್ರೆ, ಎಲೆ, ಅಡಕೆ, ಪುಡಿ?”

“ಏನಿಲ್ಲ. ಬಂಗಾರದಂಥ ಮನುಷ್ಯ.” ಗುಂಡಣ್ಣ ತಲೆ ಕೆರೆದುಕೊಂಡ. “ಕಲ್ಲೊಂದು ಬಿಟ್ಟರೆ.”

*

ಉಗ್ರಾಣ ಅಂದರೆ ಅದು ತಗಡಿನ ಮಾಡಿನ ದೊಡ್ಡ ಷೆಡ್ಡು. ನೆಲದಿಂದ ಮಾಡಿನ ತನಕ ಹಲಗೆಗಳು, ಹಲಗೆಗಳ ತುಂಬ ಉದ್ದುದ್ದ ಪೆಟ್ಟಿಗೆಗಳು. ಎಣ್ಣೆ ಹುಡುಕಿ ದೇಶ ಎಲ್ಲೆಲ್ಲಿ ಬಾವಿ ಕೊರೆದಿದೆಯೋ ಅಲ್ಲಿಂದೆಲ್ಲ ಮೇಲೆ ತಂದ ಕಲ್ಲು. ತೋಳಿನ ಗಾತ್ರದ ಉರುಟು ಕಲ್ಲು, ತುಂಡು ತುಂಡಾಗಿ. ಆಫೀಸಿನ ಭಾಷೆಯಲ್ಲಿ ಕೋರ್. ಅಣ್ಣ ‘ದಿಂಡು’ ಅನ್ನುತ್ತಿದ್ದ.

ನೆಲದ ಕಥೆಯನ್ನು ಅಣ್ಣ ಊಟದ ತಟ್ಟೆ ಮುಂದೆ ಇಟ್ಟುಕೊಂಡು ಹೇಳುತ್ತಿದ್ದ. ಭೂಮಿ ಅಲ್ಲಲ್ಲಿ ತಗ್ಗಾಗಿರುತ್ತೆ, ಬೋಗುಣಿ ಥರ. ಕೋಟಿಗಟ್ಟಲೆ ವರ್ಷ ಅದರಲ್ಲಿ ಮಣ್ಣು, ಮರಳು, ಸತ್ತ ಜೀವ ಎಲ್ಲ ಪದರ ಪದರ ಕೂತುಕೊಳ್ಳುತ್ತೆ. ಎಣ್ಣೆ ಆಗಬೇಕು ಅಂದರೆ ಕಪ್ಪಗಿನ ತಾಯಿಕಲ್ಲು ಬೇಕು, ಅದು ಬೇಯೋ ಅಷ್ಟು ಬಿಸಿ ಬೇಕು, ಹೊರಟ ಎಣ್ಣೆ ಕೂರೋಕೆ ಮರಳುಗಲ್ಲು ಬೇಕು, ಮೇಲೊಂದು ಮುಚ್ಚಳ ಬೇಕು. ಒಂದು ತಪ್ಪಿದರೂ ಅಡುಗೆ ಕೆಟ್ಟಂತೆ. “ಇವನಿಗೆ ಅಡುಗೆ ಗೊತ್ತಿರೋದು ಇಷ್ಟೇ,” ಅನ್ನುತ್ತಿದ್ದರು ಅತ್ತಿಗೆ.

ದಕ್ಷಿಣದ ಬೋಗುಣಿ ಒಂದು ಕಾಲಕ್ಕೆ ಸಮುದ್ರ; ಈಗ ಅಲ್ಲಿ ಸಾಲು ಸಾಲು ಬಾವಿ, ದಂಡಿಯಾಗಿ ಎಣ್ಣೆ. ಉತ್ತರದ ಬೋಗುಣಿ ಅದಕ್ಕಿಂತ ದೊಡ್ಡದು. ಕೊರೆದದ್ದು ಬೆರಳೆಣಿಕೆಯ ಬಾವಿ, ಅಪ್ಪನ ಕಾಲದಲ್ಲಿ. ಎಲ್ಲ ಒಣ ಅಂತ ಬಿಟ್ಟುಬಂದಿದ್ದರು. “ಇಲ್ಲ ಅಂತಲ್ಲ ಕಣೇ, ನೋಡಿಲ್ಲ ಅಂತ,” ಅನ್ನುತ್ತಿದ್ದ ಅಣ್ಣ. ಈಗ ಒಂದು ಹಳೇ ಬಾವಿಯ ದಿಂಡು ಸಿಕ್ಕಿದೆ, ಅದರಲ್ಲಿ ಭಾರೀ ತಾಯಿಕಲ್ಲಿದೆ ಅಂತ ಸುದ್ದಿ. ಅದನ್ನು ನೋಡೋಕೆ ಹೊರಗಿನ ಕಂಪನಿಗಳು ಬರುವುದಿತ್ತು. ಆ ದಿಂಡನ್ನು ಪರೀಕ್ಷೆ ಮಾಡಿ ಸೈ ಅನ್ನಬೇಕಾದವನು ಅಣ್ಣ.

“ಈ ಪೆಟ್ಟಿಗೆಯಾ?” ಮೇಜಿನ ಮೇಲಿದ್ದುದನ್ನು ತೋರಿಸಿದಳು.

“ಅದೇ. ತಿಂಗಳುಗಟ್ಟಲೆ ಅದರ ಮುಂದೇ ಕೂತಿರ್ತಿದ್ರು. ಇಲ್ಲಿಗೆ ಬರೋ ವಿಜ್ಞಾನಿಗಳಲ್ಲಿ ಎರಡು ಪಂಗಡ ಇನ್‌ಸ್ಪೆಕ್ಟರಮ್ಮ. ಒಣ ಕಲ್ಲಲ್ಲಿ ಏನೂ ಕಾಣಲ್ಲವಂತೆ, ಒದ್ದೆ ಮಾಡಿ ಭೂತಗನ್ನಡಿ ಹಿಡೀಬೇಕಂತೆ. ಹೊಸಬರು ನೀರಿನ ಸ್ಪ್ರೇ ಹೊಡೀತಾರೆ. ಹಳಬರು ನಾಲಿಗೆ ಹಚ್ಚಿಬಿಡ್ತಾರೆ. ಅನುಮಾನ ಬಂದ್ರೆ ಹಲ್ಲಲ್ಲೂ ಕಡೀತಾರೆ, ಜೇಡಿಯೋ ಮರಳೋ ಅಂತ. ನಾಲಿಗೆ ಪಂಗಡದಲ್ಲಿ ಉಳಿದವರು ಇಬ್ಬರೇ. ನಿಮ್ಮಣ್ಣ, ಡೈರೆಕ್ಟರು.”

ಅವಳಿಗೆ ಅದು ಹೊಸದಲ್ಲ. ಚಿಕ್ಕಂದಿನಲ್ಲಿ ಅಣ್ಣ ದಾರಿಯ ಕಲ್ಲೆತ್ತಿ ನೆಕ್ಕಿದಾಗಲೆಲ್ಲ ಅಮ್ಮ ಬೆನ್ನಿಗೆ ಒಂದು ಬಾರಿಸಿ, “ಮನೇಲಿ ಉಪ್ಪಿಲ್ವೇನೋ” ಅನ್ನುತ್ತಿದ್ದಳು. ಗೊತ್ತಿದ್ದೂ ಹೊಳೆದಿರಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರು ಸುತ್ತಿದ ಹಾಗೆ.

ಪೆಟ್ಟಿಗೆಯ ಮೇಲೆ ಬಗ್ಗಿದಳು.

ಕಪ್ಪು ದಿಂಡುಗಳು. ವರ್ಷಗಳ ಧೂಳಿನಿಂದ ಬೂದು ಬಣ್ಣ. ಆದರೆ ಒಂದೊಂದರ ಮೇಲೂ ಹೆಬ್ಬೆಟ್ಟಿನಗಲದ ಜಾಗ ಧೂಳಿಲ್ಲದೆ ಕರ್ರಗೆ ಹೊಳೆಯುತ್ತಿತ್ತು. ಅಣ್ಣನ ನಾಲಿಗೆ ತಾಕಿದ ಜಾಗ. ಅದನ್ನು ನೋಡುತ್ತ ಎಷ್ಟೋ ಹೊತ್ತು ನಿಂತಳು.

ಹೊಳೆಯುವ ಜಾಗದ ಅಂಚಿಗೆ ತೆಳ್ಳಗೆ ಬಿಳಿ ಪೊರೆ. ನೀರು ಒಣಗಿ ಉಪ್ಪು ಉಳಿದ ಹಾಗೆ. ಬೆರಳಿನಿಂದ ಸವರಿದಳು. ಪುಡಿಪುಡಿಯಾಗಿ ಎದ್ದಿತು.

ಸವರಿದ ಮೇಲೆ ಬುದ್ಧಿ ಬಂತು. ಬೆರಳನ್ನು ಸೆರಗಿಗೆ ಒರೆಸಲು ಹೋಗಿ, ಬಿಟ್ಟು, ಕರವಸ್ತ್ರ ತೆಗೆದಳು.

ಒಂದು ದಿಂಡಿನ ಮೇಲೆ ಅಣ್ಣ ಪೆನ್ಸಿಲಿನಲ್ಲಿ ಬಾಣದ ಗುರುತು ಹಾಕಿದ್ದ. ಭೂತಗನ್ನಡಿ ಹಿಡಿದಳು. ಬಾಣದ ತುದಿಗೆ ಎಳ್ಳಿನಷ್ಟು ಬಿಳೀ ಚಿಪ್ಪು, ಸುರುಳಿ ಸುತ್ತಿದ್ದು.

ಆಸ್ಪತ್ರೆಯಲ್ಲಿ ಅಣ್ಣ ಕಣ್ಣು ಮುಚ್ಚಿಕೊಂಡು ಅಂದಿದ್ದ: “ಸಿಹಿನೀರಿನ ಕೆರೇಲಿ ಸಮುದ್ರದ ಚಿಪ್ಪು ಬಂದಿದೆ ಕಣೇ.” ಜ್ವರದ ಮಾತು ಅಂತ ಅವಳು ಹೊದಿಕೆ ಎಳೆದುಬಿಟ್ಟಿದ್ದಳು.

“ಈ ಪೆಟ್ಟಿಗೆ ಯಾರ್‍ಯಾರು ಮುಟ್ಟಿದ್ದಾರೆ ಗುಂಡಣ್ಣ?”

“ಬೀಗದ ಕೈ ಮೂವರ ಹತ್ತಿರ. ನಾನು, ಸಾರ್, ಡೈರೆಕ್ಟರು. ನಿನ್ನೆ ಸೂಟು ಬಂದಿದ್ರು, ಪೆಟ್ಟಿಗೆ ಕೊಡಿ ಒಯ್ತೀನಿ ಅಂತ. ಡೈರೆಕ್ಟರು ಬಿಡಲಿಲ್ಲ.”

ಸೂಟು ಅಂದರೆ ಅತ್ತಿಗೆಯ ತಮ್ಮ. ಬೇಸಿಗೆಯಲ್ಲೂ ಸೂಟು ಬಿಚ್ಚದವನು ಅಂತ ಮನೆಯವರಿಟ್ಟ ಹೆಸರು. ಹೊರಗಿನ ಕಂಪನಿಗಳನ್ನು ಉತ್ತರದ ಬೋಗುಣಿಗೆ ಕರೆತರುವ ಮಧ್ಯಸ್ಥಗಾರ. ತಾಯಿ ಸತ್ತಾಗ ತೊಟ್ಟಿಲಲ್ಲಿದ್ದವನನ್ನು ಅತ್ತಿಗೆಯೇ ಸಾಕಿದ್ದು. ಹೆತ್ತಿಲ್ಲ, ಅಷ್ಟೇ.

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

*

ಡೈರೆಕ್ಟರು ಇಲಾಖೆಗೆ ಯಜಮಾನರು, ಅಣ್ಣನಿಗೆ ಗುರು. ಕೊರಳಲ್ಲಿ ಕರೀ ದಾರಕ್ಕೆ ಕಟ್ಟಿದ ಭೂತಗನ್ನಡಿ, ಕೆಲಸಕ್ಕೆ ಸೇರಿದ ದಿನದಿಂದ ಅದೇ ಅಂತೆ. ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ.

“ಇನ್ನೂ ಇಲ್ಲೇ ಇದ್ದೀಯೇನಮ್ಮ? ಸಾಮಾನೆಲ್ಲ ಸಿಕ್ತಾ?”

“ಸಿಕ್ತು ಸಾರ್.”

“ಒಳ್ಳೇದು. ಗುಂಡಣ್ಣ, ಆ ಪೆಟ್ಟಿಗೆ ಕಟ್ಟಿ. ಸೋಮವಾರ ಕಂಪನಿಯವರು ಬರ್ತಾರೆ, ಹಾಲ್‌ನಲ್ಲಿ ಜೋಡಿಸಬೇಕು.”

“ಗುಂಡಣ್ಣ, ಅದಕ್ಕೆ ಮುಂಚೆ ಒಂಚೂರು ಟೀ ತರ್ತೀರಾ?” ಅಂದಳು ಅವಳು.

ಗುಂಡಣ್ಣ ಇವರ ಮುಖ ನೋಡಿದ, ಅವರ ಮುಖ ನೋಡಿದ. ಎರಡು ಕೋಣಗಳ ನಡುವೆ ಗಿಡ ಆಗೋದಕ್ಕಿಂತ ಟೀ ತರೋದೇ ಮೇಲು ಅನ್ನಿಸಿರಬೇಕು. ಫ್ಲಾಸ್ಕು ಹಿಡಿದು ಹೊರಟೇಬಿಟ್ಟ.

“ಸಾರ್, ಅಣ್ಣಂಗೆ ಕಲ್ಲು ನೆಕ್ಕೋದು ಕಲಿಸಿದ್ದು ನೀವಂತೆ.”

“ಕಲಿಸೋದೇನು ಬಂತು. ಹುಟ್ಟುತ್ತಲೇ ನೆಕ್ಕುತ್ತಿದ್ದ ಅಂತ ನಿಮ್ಮಮ್ಮನೇ ಹೇಳ್ತಿದ್ರಲ್ಲ.” ಅವರು ನಕ್ಕರು. “ನೆಕ್ಕಿದ ಮೇಲೆ ಯಾವುದನ್ನ ಇಟ್ಕೋಬೇಕು, ಯಾವುದನ್ನ ಬಿಸಾಕಬೇಕು ಅಂತ ಕಲಿಸಿದ್ದು ನಾನು.”

“ಈ ಪೆಟ್ಟಿಗೇಲಿರೋದು ಎಂಥ ಕಲ್ಲು ಅಂತ ಸ್ವಲ್ಪ ನೆಕ್ಕಿ ಹೇಳ್ತೀರಾ?”

ನಗು ಹಾಗೇ ಇತ್ತು. ಅದರ ಹಿಂದಿನ ಮುಖ ಮಾತ್ರ ಅವಳನ್ನು ನೋಡುತ್ತಿತ್ತು.

ಡೈರೆಕ್ಟರು ಪೆಟ್ಟಿಗೆಯ ಹತ್ತಿರ ಬಂದರು. ಕೈ ಚಾಚಿದರು, ಒಂದು ತುಂಡು ಎತ್ತಿದರು, ಯೋಚನೆಯೇ ಮಾಡದೆ ನಾಲಿಗೆಗೆ ಇಟ್ಟರು. ಭೂತಗನ್ನಡಿ ಹಿಡಿದು ನೋಡಿದರು.

“ಮರಳುಗಲ್ಲು. ನಯವಾದ ಕಾಳು. ಹೊಳೆ ತಂದು ಹಾಕಿದ್ದು. ಇಷ್ಟೇನಾ ಪರೀಕ್ಷೆ?”

ತಡೆಯಬೇಕಿತ್ತು. ತಡೆದಿರಲಿಲ್ಲ. ತಡೆಯುವ ಮನಸ್ಸು ಇತ್ತೋ ಇಲ್ಲವೋ ಅಂತ ತನ್ನನ್ನೇ ಕೇಳಿಕೊಂಡಳು.

ಗೊತ್ತಿದ್ದವರು ನೆಕ್ಕುತ್ತಾರಾ? ಇಲ್ಲ. ಹಾಗಾದರೆ ಇವರಲ್ಲ. ಹಾಗಾದರೆ ಸಂಜೆಗೆ ಅತ್ತಿಗೆ.

ಡೈರೆಕ್ಟರು ತುಂಡನ್ನು ವಾಪಸ್ ಇಡುತ್ತಿದ್ದರು. ಪೆಟ್ಟಿಗೆಯ ತುದಿ ಮೂಲೆಗೆ. ಅವಳ ಕಣ್ಣು ಅವರ ಕೈಯ ಹಿಂದೆ ಹೋಯಿತು. ಅಷ್ಟುದ್ದದ ಪೆಟ್ಟಿಗೆಯಲ್ಲಿ ತಿಳಿ ಬಣ್ಣದ್ದು ಅಂತ ಇದ್ದದ್ದು ಅದೊಂದೇ. ಮುಂದೆಯೇ ಇದ್ದ ಕಪ್ಪು ದಿಂಡುಗಳನ್ನೆಲ್ಲ ದಾಟಿ, ಮೇಜಿನ ಮೇಲೆ ಮೈ ಬಗ್ಗಿಸಿ, ಆ ಕೈ ಆ ತುದಿಗೇ ಹೋಗಿತ್ತು.

ಅವಳು ಕರವಸ್ತ್ರದಲ್ಲಿ ಒಂದು ಕಪ್ಪು ತುಂಡು ಎತ್ತಿ ಮುಂದೆ ಹಿಡಿದಳು.

“ಇದು?”

“ಅದು ಕಪ್ಪು ಜೇಡಿಗಲ್ಲು. ನೋಡಿದ್ರೇ ಗೊತ್ತಾಗತ್ತೆ.”

“ನೆಕ್ಕಿ ಹೇಳಿ ಸಾರ್.”

“ಬೇಡಮ್ಮ.”

“ಯಾಕೆ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಬೆವರುತ್ತಾರೆ, ರೇಗುತ್ತಾರೆ, ನಿಮ್ಮ ಮೇಲಿನವರಿಗೆ ಹೇಳ್ತೀನಿ ಅನ್ನುತ್ತಾರೆ. ಡೈರೆಕ್ಟರು ಹಾಗೇನೂ ಮಾಡಲಿಲ್ಲ. ಅಣ್ಣನ ಸ್ಟೂಲು ಎಳೆದುಕೊಂಡು ಕೂತರು, ದೂರದಿಂದ ನಡೆದು ಬಂದವರ ಹಾಗೆ.

“ಅದಕ್ಕೆ ವಿಷ ಹಚ್ಚಿದ್ದಾರೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಆಮೇಲೆ ಈ ಆಟ ಯಾಕೆ?”

ಅವಳು ಕಲ್ಲನ್ನು ಕೆಳಗಿಟ್ಟಳು. “ನಿಮಗೆ ಹೇಗೆ ಗೊತ್ತು?”

“ನಿಮ್ಮಣ್ಣ ಹೇಳಿದ.”

ತಗಡಿನ ಮಾಡಿನ ಮೇಲೆ ಹಕ್ಕಿಯೊಂದು ನಡೆದಾಡುತ್ತಿತ್ತು. ಉಗುರಿನ ಸದ್ದು ಈ ತುದಿಯಿಂದ ಆ ತುದಿಗೆ ಹೋಯಿತು.

“ಆಸ್ಪತ್ರೆಗೆ ಸೇರೋಕೆ ಸ್ವಲ್ಪ ದಿನ ಮುಂಚೆ ನನ್ನ ರೂಮಿಗೆ ಬಂದ. ಮೆಟ್ಟಿಲು ಹತ್ತೋಕಾಗದೆ ಗೋಡೆ ಹಿಡ್ಕೊಂಡು ಬಂದಿದ್ದ. ‘ಸಾರ್, ಆ ಪೆಟ್ಟಿಗೇಲಿ ಕರೀದಕ್ಕೆ ನಾಲಿಗೆ ಇಡಬೇಡಿ. ಯಾರೋ ಭಾರದ ನೀರು ಸವರಿದ್ದಾರೆ’ ಅಂದ. ಬಿಳೀದಕ್ಕೆ ಇಲ್ಲ, ಅದನ್ನ ಯಾರೂ ನೋಡಲ್ಲವಲ್ಲ ಅಂತ ನಕ್ಕ ಕೂಡ.”

“ಡಾಕ್ಟರಿಗೆ ಹೇಳಲಿಲ್ಲ ಅವನು.”

“ನೆಕ್ಕೋದು ಬಿಟ್ಟಿದ್ದೀನಿ, ತಾನೇ ಇಳಿಯತ್ತೆ ಅಂದ. ಕಾಲಿಂದ ತಲೆ ತನಕ ಏರಿಯಾಗಿತ್ತು, ಅವನಿಗೆ ಗೊತ್ತಾಗಲಿಲ್ಲ.”

“ನನಗೆ ಹೇಳಲಿಲ್ಲ.” ಅವಳ ದನಿ ಯಾರದೋ ಹಾಜರಿ ಕೂಗಿದ ಹಾಗಿತ್ತು. “ನಾನು ಅದೇ ಮನೇಲಿದ್ದೆ ಸಾರ್. ಮೇಲಿನ ಕೋಣೇಲಿ. ನಾನು ಪೊಲೀಸು.”

“ಅದಕ್ಕೇ. ‘ತಂಗಿಗೆ ಹೇಳೋಣವೇನಪ್ಪ’ ಅಂತ ನಾನೇ ಕೇಳಿದೆ. ‘ಅವಳಿಗೆ ಹೇಳಿದ್ರೆ ಕೇಸಾಗತ್ತೆ. ಇದು ಮನೆಯೊಳಗಿನ ಕೈ ಸಾರ್, ಮನೆಯೊಳಗೇ ಸರಿ ಮಾಡ್ಕೋತೀನಿ’ ಅಂದ.”

“ಯಾರು ಅಂತ?”

“ಕೇಳಿದೆ. ಹೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.” ಡೈರೆಕ್ಟರು ಕೊರಳ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದರು. “ಒತ್ತಾಯ ಮಾಡದೆ ಇರೋದು ನಂಗೂ ಅನುಕೂಲವಾಗಿತ್ತು.”

“ಯಾಕಂದ್ರೆ ಪೆಟ್ಟಿಗೆ ಸುಳ್ಳು.”

ಅವರು ತಲೆ ಎತ್ತಿದರು.

“ಉತ್ತರದ ಬೋಗುಣಿಗೆ ಸಮುದ್ರ ಬಂದೇ ಇಲ್ಲ, ಅಲ್ವಾ ಸಾರ್? ಅಲ್ಲಿದ್ದದ್ದು ಸಿಹಿನೀರಿನ ದೊಡ್ಡ ಕೆರೆ. ಅಣ್ಣ ಬಾಣ ಹಾಕಿ ತೋರಿಸಿರೋ ಈ ಚಿಪ್ಪು ಸಮುದ್ರದ್ದು. ದಕ್ಷಿಣದ ದಿಂಡು ತಂದು ಉತ್ತರದ ಪೆಟ್ಟಿಗೇಲಿ ಹಾಕಿದ್ದಾರೆ. ತುದೀಲಿರೋ ಆ ಬಿಳೀ ತುಂಡು ಒಂದೇ ಇರಬೇಕು ನಿಜವಾಗ್ಲೂ ಅಲ್ಲಿಂದ ಬಂದದ್ದು.”

“ನಿಮ್ಮಣ್ಣನ ತಂಗಿಯೇ ನೀನು,” ಅಂದರು ಅವರು. ಹೊಗಳಿಕೆ ಅನ್ನುವಂಥದ್ದೇನೂ ಅದರಲ್ಲಿರಲಿಲ್ಲ.

“ಹಾಕಿದ್ದು ನೀವಾ?”

“ಅಲ್ಲ. ಪೆಟ್ಟಿಗೆ ಹಳೇ ಗೋಡೌನಿನಲ್ಲಿ ಸಿಕ್ತು ಅಂತ ತಂದುಕೊಟ್ಟದ್ದು ನಿಮ್ಮ ಸೂಟು. ನೋಡಿದ ದಿನವೇ ನಂಗೆ ಅನುಮಾನ ಬಂತು. ಸುಮ್ಮನಿದ್ದೆ.”

“ನೌಕರಿಗೋಸ್ಕರವಾ?”

“ನೌಕರಿ ಮುಗೀತಾ ಬಂತಮ್ಮ ನಂದು.” ಮೊದಲ ಸಲ ಅವರ ಮಾತು ಸ್ವಲ್ಪ ಬಿಸಿಯಾಯಿತು. “ಆ ಬೋಗುಣೀನ ನಾನು ಕಾಲ್ನಡಿಗೇಲಿ ಸುತ್ತಿದ್ದೀನಿ. ನಕ್ಷೇಲಿ ಖಾಲಿ ಬಿಟ್ಟಿರೋ ಜಾಗ ಅದು. ಒಂದು ಬಾವಿಗೂ ಇನ್ನೊಂದು ಬಾವಿಗೂ ನಡುವೆ ಒಂದು ಜಿಲ್ಲೆಯಷ್ಟು ದೂರ. ತೋಟದ ನಾಲ್ಕು ಮೂಲೇಲಿ ನಾಲ್ಕು ಗುಂಡಿ ತೋಡಿ, ನೀರಿಲ್ಲ ಅಂದ ಹಾಗಾಯ್ತು. ಕೆರೆ ಆಳ ಇದ್ದ ಕಡೆ ಯಾರೂ ಕೊರೆದೇ ಇಲ್ಲ. ತಾಯಿಕಲ್ಲು ಕೂತಿದ್ರೆ ಅಲ್ಲೇ ಕೂತಿರಬೇಕು. ಪೆಟ್ಟಿಗೆ ಸುಳ್ಳಿರಬಹುದು, ಬೋಗುಣಿ ಸುಳ್ಳಲ್ಲ. ಈ ಪೆಟ್ಟಿಗೆ ನೋಡಿ ಯಾರಾದ್ರೂ ಬಂದು ಒಂದು ಬಾವಿ, ಒಂದೇ ಒಂದು ಬಾವಿ ಸರಿಯಾದ ಕಡೆ ಕೊರೆದ್ರೆ ಸಾಕಿತ್ತು. ಆಮೇಲೆ ಪೆಟ್ಟಿಗೆ ಯಾರಿಗೆ ಬೇಕು?”

“ಅಣ್ಣ ಸೈ ಅನ್ನಲಿಲ್ಲ.”

“ಅನ್ನಲಿಲ್ಲ. ‘ಇಲ್ಲದ್ದನ್ನ ಇದೆ ಅನ್ನಲ್ಲ ಸಾರ್, ಗೊತ್ತಿಲ್ಲ ಅಂತ ಬರೀತೀನಿ’ ಅಂದ. ಗೊತ್ತಿಲ್ಲ ಅಂದ್ರೆ ಯಾವ ಕಂಪನಿ ಬರತ್ತೆ?”

“ಇಷ್ಟನ್ನೂ ಸಾಹೇಬರ ಮುಂದೆ ಹೇಳ್ತೀರಾ? ಈಗ, ನನ್ನ ಜೊತೆ ಬಂದು? ಸಂಜೆ ನಮ್ಮತ್ತಿಗೇನ ಕರ್ಕೊಂಡು ಹೋಗ್ತಾರೆ ಸಾರ್. ಅನ್ನದಲ್ಲಿ ವಿಷ ಹಾಕಿದ್ದಾಳೆ ಅಂತ. ನಿಮಗೂ ಎಷ್ಟೋ ಸಲ ಬಡಿಸಿದ ಕೈ ಅದು.”

ಗುಂಡಣ್ಣ ಟೀ ತಂದು ಬಾಗಿಲಲ್ಲಿ ನಿಂತು, ಒಳಗಿನ ಗಾಳಿ ನೋಡಿ, ಹಾಗೇ ಹಿಂದಕ್ಕೆ ಸರಿದ.

“ಬರ್ತೀನಿ ನಡಿ,” ಅಂದರು ಡೈರೆಕ್ಟರು. “ಸೋಮವಾರದ್ದು ಹೋಗ್ಲಿ. ಅವನು ಗೋಡೆ ಹಿಡ್ಕೊಂಡು ಬಂದಿದ್ದ ಅಂದೆನಲ್ಲ, ಅದು ಕಣ್ಣಿಂದ ಹೋಗ್ತಾ ಇಲ್ಲ.”

ಅವಳು ಕರವಸ್ತ್ರದ ಸಮೇತ ಕಪ್ಪು ತುಂಡನ್ನು ಡಬ್ಬಿಯ ಮೇಲಿನ ಬಟ್ಟಲಿಗೆ ಇಟ್ಟು ಮುಚ್ಚಿದಳು. ಬೇರೆ ಚೀಲ ಇರಲಿಲ್ಲ. ಲೆಕ್ಕ ನೇರವಾಗಿತ್ತು: ಗುಂಡಣ್ಣನ ಊಟ, ಅಣ್ಣನ ನಾಲಿಗೆ, ಡೈರೆಕ್ಟರ ಸಾಕ್ಷಿ. ತುತ್ತು ಹಾಕಿದ ಕೈ ಪಾರು. ಸೂಟಿನ ಕೈ ನೋಡಬೇಕಾದ್ದು ಇನ್ನು ಮೇಲೆ. ಬೀಗದ ಕೈ ಇಲ್ಲದವನು ಒಳಗೆ ಹೇಗೆ ಬಂದ, ಭಾರದ ನೀರಿನ ಕಪಾಟು ಅವನಿಗೆ ಯಾರು ತೋರಿಸಿದರು, ಅದೆಲ್ಲ ಆಮೇಲೆ. ಇವತ್ತು ಅತ್ತಿಗೆ ಮನೆಯಲ್ಲಿ ಉಳಿದರೆ ಸಾಕು.

ಸಾಹೇಬರಿಗೆ ಫೋನ್ ಮಾಡಬೇಕು ಅಂತ ತೆಗೆದಳು. ಅಷ್ಟರಲ್ಲಿ ಅದೇ ಬಡಿದುಕೊಂಡಿತು. ಸಾಹೇಬರೇ.

“ಸಾರ್, ನಾನೇ ಮಾಡೋಳಿದ್ದೆ. ಒಂದು ಗಂಟೆ ಕೊಡಿ. ಅತ್ತಿಗೇನ ಮುಟ್ಟಬೇಡಿ, ನನ್ನ ಹತ್ತಿರ—”

“ನಾವು ಹೋಗಲಿಲ್ಲಮ್ಮ,” ಅಂದರು ಸಾಹೇಬರು. ಅವರ ದನಿಯಲ್ಲಿ ಗೆದ್ದವರ ಸದ್ದಿರಲಿಲ್ಲ. “ಅವರೇ ಬಂದಿದ್ದಾರೆ. ಆಟೋ ಹಿಡಿದು, ಸ್ಟೇಷನ್ನಿಗೆ. ನನ್ನೆದುರಿಗೇ ಕೂತಿದ್ದಾರೆ.”

“ಯಾಕೆ?”

“ಒಪ್ಕೊಂಡ್ರು.”

ಅವಳು ಡೈರೆಕ್ಟರ ಮುಖ ನೋಡಿದಳು. ಅವರಿಗೆ ಕೇಳಿಸುತ್ತಿರಲಿಲ್ಲ. ಕಾರಿನ ಬೀಗದ ಕೈಗಾಗಿ ಜೇಬು ತಡಕುತ್ತಿದ್ದರು.

“ಸುಳ್ಳು ಸಾರ್ ಅದು. ಯಾರನ್ನೋ ಉಳಿಸೋಕೆ ಹೇಳ್ತಿದ್ದಾರೆ. ಅನ್ನದಲ್ಲಿ ವಿಷ ಇರಲೇ ಇಲ್ಲ, ಅದೇ ಅನ್ನ ತಿಂದವರು ಇಲ್ಲಿ—”

“ಅನ್ನದಲ್ಲಿ ಅಂತ ನಾವು ಅಂದ್ಕೊಂಡಿದ್ದು. ನಾವೂ ಹಾಗೇ ಕೇಳಿದ್ವಿ. ಇಲ್ಲ ಅಂದ್ರು ನಿಮ್ಮತ್ತಿಗೆ.” ಆ ಕಡೆ ಕುರ್ಚಿ ಎಳೆದ ಸದ್ದು. ಸಾಹೇಬರು ಎದ್ದು ಕೋಣೆಯಿಂದ ಹೊರಗೆ ಬಂದಿರಬೇಕು, ದನಿ ತಗ್ಗಿತು. “ಕಲ್ಲಿಗೆ ಹಚ್ಚಿದೆ ಅಂತಾರಮ್ಮ. ಉಗ್ರಾಣದ ಒಂದು ಪೆಟ್ಟಿಗೆಯಂತೆ. ಕರೀ ಕಲ್ಲಿಗೆ ಮಾತ್ರ ಅಂತೆ. ಗಂಡನ ಬೀಗದ ಕೈ ತಗೊಂಡು, ತಮ್ಮನ ವ್ಯವಹಾರ ಉಳಿಸೋಕೆ ಅಂತೆ. ನನಗೆ ತಲೆ ಬುಡ ತಿಳೀತಿಲ್ಲ. ನಿಂಗೇನಾದ್ರೂ ಗೊತ್ತಾಗತ್ತಾ?”

ಕಲ್ಲಿನ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಅವಳಿಗೇ ಗೊತ್ತಾಗಿ ಟೀ ಆರುವಷ್ಟು ಹೊತ್ತೂ ಆಗಿರಲಿಲ್ಲ.

“ಕೇಳಿಸ್ತಾ ಇದೆಯಾ?”

“ಹೂಂ.”

“ಇನ್ನೊಂದು. ಇದನ್ನ ಹೇಳಬೇಕೋ ಬೇಡವೋ ಗೊತ್ತಿಲ್ಲ. ಸಹಿ ಹಾಕೋ ಮುಂಚೆ ನಿನಗೊಂದು ಮಾತು ತಿಳಿಸಿ ಅಂದ್ರು. ಅದನ್ನ ತಿಳಿಸೋ ತನಕ ಸಹಿ ಹಾಕಲ್ಲ ಅಂತ ಕೂತಿದ್ದಾರೆ.”

“ಏನು ಸಾರ್?”

“ಅಲ್ಲಿ ಕಲ್ಲೇನಾದ್ರೂ ಮುಟ್ಟಿದ್ರೆ, ಊಟಕ್ಕೆ ಕೂರೋ ಮುಂಚೆ ಸೋಪು ಹಾಕಿ ಚೆನ್ನಾಗಿ ಕೈ ತೊಳ್ಕೋಬೇಕಂತೆ.”